ನೆರಳಿನ ಪಾಲು: ಬೆಂಗಳೂರಿನ ಮರಗಳ ಚರಿತ್ರೆಯನ್ನು ಕುರಿತು ಒಂದು ವಿಮರ್ಶೆ

1

ಬೆಂಗಳೂರಿಗೆ ‘ಉದ್ಯಾನನಗರಿ’ ಎಂಬ ಬಿರುದು ಹೇಗೆ ಸಂದಿತೆಂಬುದನ್ನು ಕುರಿತು ಬರೆದವರು ಅನೇಕರು. ಹೈದರಾಲಿಯು 1760 ರಲ್ಲಿ ಲಾಲ್‌ಬಾಗನ್ನು ಆರಂಭಿಸಿದುದು, 1856 ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾದುದು, 1870 ರಲ್ಲಿ ಕಬ್ಬನ್ ಉದ್ಯಾನ ರೂಪುಗೊಂಡುದು, ಜಾನ್ ಕ್ಯಾಮರನ್ನನು ಲಾಲ್‌ಬಾಗನ್ನು ಬೆಳೆಸಿದುದು, 1908 ರಲ್ಲಿ ಅವನ ಸ್ಥಾನಕ್ಕೆ ಜರ್ಮನಿಯ ಉದ್ಯಾನತಜ್ಞ ಕ್ರುಂಬಿಗಲ್ ಬಂದುದು—ಈ ಕ್ರಮದಲ್ಲಿ ಕಥೆ ಸಾಗುತ್ತದೆ. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಿನ ಯಾವುದಾದರೊಂದು ಬೀದಿ ಹೂಬಿಟ್ಟಿರಬೇಕೆಂಬುದು ಕ್ರುಂಬಿಗಲ್‌ನ ಯೋಜನೆಯೆಂದು ಹೇಳುವುದು ವಾಡಿಕೆ. ಇಂದಿಗೂ ಮಾಘ ಫಾಲ್ಗುಣಗಳಲ್ಲಿ ನೀಲಿ ಜಕರಂಡವನ್ನೂ ವೈಶಾಖದಲ್ಲಿ ಕೆಂಪು ಗುಲ್‌ಮೊಹರನ್ನೂ ಕಂಡವರು ಆ ಹೆಸರನ್ನು ಕೃತಜ್ಞತೆಯಿಂದ ಸ್ಮರಿಸುತ್ತಾರೆ.

ಈ ಕಥೆಯಲ್ಲಿ ಅಸತ್ಯವೇನೂ ಇಲ್ಲ. ಆದರೆ ಅದು ಉತ್ತರಿಸಹೊರಡುವ ಪ್ರಶ್ನೆ ಒಂದೇ: ಮರವನ್ನು ನೆಡಿಸಿದವರು ಯಾರು? ಆ ಮರದ ನೆರಳು ಯಾರ ಮೇಲೆ ಬಿದ್ದಿತು, ಯಾರ ಮೇಲೆ ಬೀಳಲಿಲ್ಲ ಎಂಬ ಇನ್ನೊಂದು ಪ್ರಶ್ನೆಯನ್ನು ನಮ್ಮ ಚರಿತ್ರಕಾರರು ಕೇಳಿರುವುದು ವಿರಳ. ಪ್ರಕೃತ ಲೇಖನದ ಉದ್ದೇಶ ಆ ಎರಡನೆಯ ಪ್ರಶ್ನೆಯನ್ನು ಮುಂದಿಡುವುದು.

ಈ ವಿಚಾರಕ್ಕೆ ನನ್ನನ್ನು ತಿರುಗಿಸಿದುದು ತರಗತಿಯ ಒಂದು ಸಣ್ಣ ಪ್ರಸಂಗ. ಸ್ಥಳೀಯ ಚರಿತ್ರೆಯನ್ನು ಅಭ್ಯಾಸಮಾಡಿಸುವ ಸಲುವಾಗಿ, ತಂತಮ್ಮ ಬೀದಿಯ ಒಂದು ಹಳೆಯ ಮರದ ವೃತ್ತಾಂತವನ್ನು ಹಿರಿಯರಿಂದ ಕೇಳಿ ಬರೆದು ತರುವಂತೆ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಹೇಳಿದ್ದೆನು. ಹಲವರು ಅಶ್ವತ್ಥಕಟ್ಟೆಯನ್ನೋ ಮಳೆಮರವನ್ನೋ ಕುರಿತು ಸೊಗಸಾಗಿ ಬರೆದು ತಂದರು. ಊರಿನ ಪಶ್ಚಿಮ ಭಾಗದ ಒಂದು ಇಕ್ಕಟ್ಟಾದ ಬಡಾವಣೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಮಾತ್ರ ಬರಿಯ ಹಾಳೆಯನ್ನು ಹಿಡಿದು ಬಂದು, “ನಮ್ಮ ಬೀದಿಯಲ್ಲಿ ಮರವೇ ಇಲ್ಲ, ಸಾರ್. ಏನು ಬರೆಯಲಿ?” ಎಂದು ಕೇಳಿದಳು. ಪಕ್ಕದ ಬೀದಿಯ ಮರವನ್ನು ಕುರಿತು ಬರೆಯಬಹುದೆಂದು ಹೇಳಿ ಕಳುಹಿಸಿದೆನು. ಅಲ್ಲಿಯೂ ಮರವಿರಲಿಲ್ಲವೆಂಬುದು ಮರುದಿನ ತಿಳಿಯಿತು. ಮರವಿಲ್ಲದಿರುವುದಕ್ಕೂ ಒಂದು ಚರಿತ್ರೆಯಿರಬೇಕೆಂದು ಆ ಮೊದಲ ದಿನವೇ ನನಗೆ ಹೊಳೆಯದಿದ್ದುದು ನಾನು ಕಲಿತ ಚರಿತ್ರೆಯ ಕೊರತೆಯೆಂದೇ ಹೇಳಬೇಕು.

2

ಬೆಂಗಳೂರಿನ ಮರಗಿಡಗಳ ವಿಷಯ ಬರುವ ಗ್ರಂಥಗಳನ್ನು ಈ ದೃಷ್ಟಿಯಿಂದ ಮತ್ತೆ ಓದಿದಾಗ ಅವು ಮೂರು ಬಗೆಯಾಗಿ ತೋರುತ್ತವೆ. ಮೊದಲನೆಯವು ಕಣ್ಣಿಗಾಗಿ ಬರೆದವು. ಟಿ. ಪಿ. ಇಸ್ಸಾರ್ ಅವರು 1988 ರಲ್ಲಿ ಪ್ರಕಟಿಸಿದ ‘ದಿ ಸಿಟಿ ಬ್ಯೂಟಿಫುಲ್’, 1994 ರಲ್ಲಿ ಪ್ರಕಟಿಸಿದ ‘ಬ್ಲಾಸಮ್ಸ್ ಆಫ್ ಬೆಂಗಳೂರು’ ಈ ಬಗೆಯವು. ಊರಿನ ಚೆಲುವನ್ನು ದಾಖಲಿಸಿ ಉಳಿಸಬೇಕೆಂಬ ಪ್ರೀತಿಯಿಂದ ಹುಟ್ಟಿದ ಇಂಥ ಗ್ರಂಥಗಳಿಂದ ಹಂಚಿಕೆಯ ವಿಚಾರವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಇವುಗಳ ಮಾತನ್ನೇ ನಗರದ ಸಮಗ್ರ ಚರಿತ್ರೆಯೆಂದು ಸ್ವೀಕರಿಸಿದ ನಮ್ಮ ಪಠ್ಯಗಳನ್ನು ಆಕ್ಷೇಪಿಸಬಹುದು. ಹೂಬಿಟ್ಟ ಬೀದಿ ಇಡೀ ಊರಿನ ಪ್ರತಿನಿಧಿಯಾಗಿ ನಿಂತುಬಿಟ್ಟಾಗ ಹೂವಿಲ್ಲದ ಬೀದಿ ಊರಿನಿಂದಲೇ ಹೊರಗುಳಿಯುತ್ತದೆ.

ಎರಡನೆಯ ಬಗೆಯವು ನಗರದ ಸ್ಥಳವನ್ನೇ ವಿವಾದದ ವಸ್ತುವಾಗಿ ಕಂಡವು. ಜಾನಕಿ ನಾಯರ್ ಅವರ ‘ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್’ (2005) ಎಂಬ ಗ್ರಂಥವು ಇಪ್ಪತ್ತನೆಯ ಶತಮಾನದ ಬೆಂಗಳೂರನ್ನು ಹೀಗೆ ಪರಿಶೀಲಿಸಿದೆ. ಪೇಟೆ ಮತ್ತು ದಂಡು ಎಂಬ ಎರಡು ಊರುಗಳು ಒಂದರ ಪಕ್ಕದಲ್ಲೊಂದು ಬೇರೆಬೇರೆಯಾಗಿ ಬೆಳೆದುದನ್ನು ಮರೆತರೆ ಈ ನಗರದ ಯಾವ ವಿಷಯವೂ ಅರ್ಥವಾಗದೆಂಬುದು ಅದನ್ನು ಓದಿದವರಿಗೆ ಮನದಟ್ಟಾಗುತ್ತದೆ.

ಮೂರನೆಯ ಬಗೆಯವು ಪರಿಸರ ವಿಜ್ಞಾನಿಗಳಿಂದ ಬಂದವು. ಹರಿಣಿ ನಾಗೇಂದ್ರ ಅವರ ‘ನೇಚರ್ ಇನ್ ದಿ ಸಿಟಿ’ (2016) ಇವುಗಳಲ್ಲಿ ಮುಖ್ಯವಾದುದು. ಉದ್ಯಾನ, ಬೀದಿ, ಮನೆಯ ಕೈದೋಟ, ಕೆರೆಗಳ ಜೊತೆಗೆ ಕೊಳೆಗೇರಿಯನ್ನೂ ನಗರದ ನಿಸರ್ಗವಿರುವ ಸ್ಥಳವೆಂದು ಎಣಿಸಿ ಅಧ್ಯಯನ ಮಾಡಿರುವುದು ಈ ಪರಂಪರೆಯ ಹಿರಿಮೆ. ನೆರಳು ಯಾರಿಗೆ ಎಂಬ ಪ್ರಶ್ನೆಯನ್ನು ಮೊದಲು ಎತ್ತಬೇಕಾಗಿದ್ದವರು ಚರಿತ್ರೆಯ ವಿಭಾಗದವರು. ಅದನ್ನು ಅಳತೆಪಟ್ಟಿ ಹಿಡಿದು ಬೀದಿಗಿಳಿದ ವಿಜ್ಞಾನಿಗಳು ಎತ್ತಿದರೆಂಬುದನ್ನು ನಾವು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು.

3

ಆ ವಿಜ್ಞಾನಿಗಳು ಕಂಡುದೇನು? ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ ಅವರು ಬೆಂಗಳೂರಿನ ಬೀದಿಮರಗಳನ್ನು ಕುರಿತು 2010 ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶ ಸ್ಪಷ್ಟವಾಗಿದೆ. ಜನನಿಬಿಡ ವಸತಿಪ್ರದೇಶಗಳ ಕಿರಿದಾದ ರಸ್ತೆಗಳಲ್ಲಿ ಮರಗಳ ಸಂಖ್ಯೆ ಕಡಮೆ, ಗಾತ್ರ ಕಡಮೆ, ಜಾತಿವೈವಿಧ್ಯವೂ ಕಡಮೆ. ದೊಡ್ಡ ಮರಗಳು ಅಗಲವಾದ ರಸ್ತೆಗಳಲ್ಲಿವೆ, ರಸ್ತೆ ವಿಸ್ತರಣೆಯ ಕೊಡಲಿ ಬೀಳುವುದೂ ಅವುಗಳ ಮೇಲೆಯೇ. ಈಚೆಗೆ ನೆಡುತ್ತಿರುವ ಮರಗಳು ಹೆಚ್ಚಾಗಿ ಗಿಡ್ಡನೆಯ, ಕಿರಿದಾದ ಹಂದರದ ಜಾತಿಯವು. ಇವು ಹಳೆಯ ಮರಗಳಷ್ಟು ನೆರಳನ್ನು ಕೊಡಲಾರವು. ಸಂಗ್ರಹಿಸಿ ಹೇಳುವುದಾದರೆ, ಇರುವವರ ನೆರಳು ಕುಗ್ಗುತ್ತಿದೆ, ಇಲ್ಲದವರಿಗೆ ಹೊಸದಾಗಿ ದೊರೆಯುತ್ತಲೂ ಇಲ್ಲ.

ಬೆಂಗಳೂರಿನಲ್ಲಿ ಮರದ ಚರಿತ್ರೆಯೆಂದರೆ ಬಹುಮಟ್ಟಿಗೆ ರಸ್ತೆಯ ಅಗಲದ ಚರಿತ್ರೆ. ಈ ಸೂತ್ರವನ್ನು ಹಿಡಿದು ಹಿಂದಕ್ಕೆ ಹೋದರೆ ಪ್ರಸಿದ್ಧ ಘಟನೆಗಳೇ ಬೇರೊಂದು ಅರ್ಥವನ್ನು ಕೊಡುತ್ತವೆ. 1537 ರಲ್ಲಿ ಕೆಂಪೇಗೌಡನು ಕಟ್ಟಿಸಿದ ಪೇಟೆಯು ವ್ಯಾಪಾರಕ್ಕಾಗಿ ಹುಟ್ಟಿದ ಊರು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದುದರಿಂದ ನೆರಳನ್ನು ಜಗಲಿಯೂ ತೊಟ್ಟಿಯೂ ಎದುರುಮನೆಯ ಗೋಡೆಯೂ ಕೊಡುತ್ತಿದ್ದುವು. ಮರವು ದೇವಾಲಯದ ಅಂಗಳದಲ್ಲಿ, ಅಶ್ವತ್ಥಕಟ್ಟೆಯಲ್ಲಿ ಇದ್ದಿತು. ಪೇಟೆಯ ಹೊರಗೆ ಕೆರೆಯಂಗಳಗಳೂ, ಸುತ್ತಣ ಗ್ರಾಮಗಳಲ್ಲಿ ಮಾವು, ಹಲಸು, ನೇರಳೆ, ಹುಣಿಸೆಗಳ ಗುಂಡುತೋಪುಗಳೂ ಇದ್ದುವು. ಪೇಟೆಯ ಜನರ ಬಯಲು ಅದು. ಪೇಟೆಯ ಮಗ್ಗುಲಿನ ಧರ್ಮಾಂಬುಧಿ ಕೆರೆ ಬತ್ತಿ ಬಸ್ಸುನಿಲ್ದಾಣವಾಯಿತು, ಸಂಪಂಗಿ ಕೆರೆಯ ಬಹುಭಾಗ ಕ್ರೀಡಾಂಗಣವಾಯಿತು. ಪೇಟೆಯೊಳಗೆ ಮೊದಲೇ ಮರಗಳು ಕಡಮೆ. ಈಗ ಹೊರಗಣ ಹಸಿರೂ ಹೋಯಿತು.

1809 ರಿಂದ ಬೆಳೆದ ದಂಡಿನ ವಿನ್ಯಾಸ ಇದಕ್ಕೆ ತೀರ ವಿರುದ್ಧವಾದುದು. ವಿಶಾಲವಾದ ಆವರಣದ ನಡುವೆ ಬಂಗಲೆ, ಅದರ ಮುಂದೆ ಅಗಲವಾದ ರಸ್ತೆ, ರಸ್ತೆಯ ಎರಡು ಪಕ್ಕಕ್ಕೂ ಸಾಲುಮರ. ಆದರೆ ದಂಡೆಂದರೆ ಬಂಗಲೆಗಳಷ್ಟೇ ಅಲ್ಲ. ಬಂಗಲೆಗಳಿಗೂ ಸೈನ್ಯಕ್ಕೂ ದುಡಿಯುತ್ತಿದ್ದವರು ನೆಲಸಿದ, ಇಂದು ಶಿವಾಜಿನಗರವೆನಿಸಿರುವ ಭಾಗವು ಅದೇ ದಂಡಿನೊಳಗಿದ್ದರೂ ಪೇಟೆಯಷ್ಟೇ ಇಕ್ಕಟ್ಟಾದುದು. ಆದಕಾರಣ ಪೇಟೆಗೆ ಬಿಸಿಲು, ದಂಡಿಗೆ ನೆರಳು ಎಂದು ಸರಳವಾಗಿ ಹೇಳಿದರೂ ತಪ್ಪಾಗುತ್ತದೆ. ಎರಡು ಊರುಗಳ ಒಳಗೂ ಭೇದವಿದ್ದಿತು.

1898 ರ ಪ್ಲೇಗಿನ ತರುವಾಯ ಮಲ್ಲೇಶ್ವರ, ಬಸವನಗುಡಿಗಳು ತುಂಬಿದುವು. ಗಾಳಿ ಬೆಳಕುಗಳಿಗೆ ಎಡೆಯಿರುವ ಅಗಲವಾದ ರಸ್ತೆಗಳು, ಮನೆಯ ಸುತ್ತಲೂ ತೆಂಗು ಸಂಪಿಗೆಗಳಿಗೆ ಸಾಕಾಗುವಷ್ಟು ಬಯಲು—ಇವು ಆರೋಗ್ಯದ ಸಾಧನಗಳೆಂಬ ನಂಬಿಕೆಯಿಂದ ಆ ಬಡಾವಣೆಗಳು ರಚಿತವಾದುವು. ಪ್ಲೇಗು ಬಡವರನ್ನೂ ಬಲ್ಲಿದರನ್ನೂ ಒಂದೇ ಸಮನಾಗಿ ಹೆದರಿಸಿತು. ಆದರೆ ನಿವೇಶನವನ್ನು ಕೊಂಡು ಮನೆ ಕಟ್ಟಬಲ್ಲವರು ಮಾತ್ರ ಹೊಸ ಬಡಾವಣೆಗೆ ಹೋದರು, ಉಳಿದವರು ಹಳೆಯ ಓಣಿಗಳಲ್ಲೇ ಉಳಿದರು. ಎಲ್ಲರ ಆರೋಗ್ಯಕ್ಕೆಂದು ಒಪ್ಪಿಕೊಂಡ ಒಂದು ತತ್ತ್ವವು ಕೆಲವರ ಸೊತ್ತಾಗಿ ಪರಿಣಮಿಸಿದುದು ಹೀಗೆ. 1945 ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯ ಬಡಾವಣೆಗಳಲ್ಲಿಯೂ, ಜಯನಗರವು ಇದಕ್ಕೆ ನಿದರ್ಶನ, ಈ ಕ್ರಮವೇ ಮುಂದುವರಿಯಿತು. ಯೋಜನೆಯ ಹೊರಗೆ ಹುಟ್ಟಿದ ರೆವಿನ್ಯೂ ಬಡಾವಣೆಗಳಲ್ಲಿ ಇಪ್ಪತ್ತಡಿ ಮೂವತ್ತಡಿಯ ನಿವೇಶನಗಳ ನಡುವೆ ಗಾಡಿ ಹೋಗುವಷ್ಟು ದಾರಿ ಬಿಟ್ಟರೆ ಅದೇ ಹೆಚ್ಚು. ಗಿಡಕ್ಕೆ ನೆಲವನ್ನು ಬಿಡುವವರು ಯಾರು? ನನ್ನ ವಿದ್ಯಾರ್ಥಿನಿಯ ಬರಿಯ ಹಾಳೆಯಲ್ಲಿ ಬರೆಯಬೇಕಾಗಿದ್ದುದು ಈ ವೃತ್ತಾಂತ.

4

ಇದರಿಂದ ಆಗುವ ನಷ್ಟವೇನು, ಮರವಿಲ್ಲದಿದ್ದರೆ ಬೀದಿಯ ಚೆಲುವು ಕೆಟ್ಟೀತು, ಅಷ್ಟೇ ಅಲ್ಲವೆ ಎಂದು ಕೇಳುವವರುಂಟು. 2013 ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಬೆಂಗಳೂರಿನಲ್ಲಿ ಮರಗಳಿರುವ ರಸ್ತೆಭಾಗಗಳನ್ನೂ ಮರಗಳಿಲ್ಲದ ರಸ್ತೆಭಾಗಗಳನ್ನೂ ಹೋಲಿಸಿತು. ಮರಗಳಿರುವೆಡೆ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಂಟಿಗ್ರೇಡಿನವರೆಗೂ, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೂ ಕಡಮೆಯಿದ್ದುವು. ಈ ಅಂಕಿಗಳನ್ನು ಮರಗಳ ಮಹಿಮೆಗೆ ಪ್ರಮಾಣವಾಗಿ ಉದಾಹರಿಸುವುದು ರೂಢಿಯಾಗಿದೆ. ಅವುಗಳನ್ನು ಇನ್ನೊಂದು ರೀತಿಯಿಂದಲೂ ಓದಬೇಕೆಂದು ನನ್ನ ಸೂಚನೆ. ಒಂದೇ ಊರಿನ, ಒಂದೇ ಮಧ್ಯಾಹ್ನದ ಎರಡು ಬೀದಿಗಳ ನಡುವಣ ಅಂತರವದು. ತಳ್ಳುಗಾಡಿಯ ವ್ಯಾಪಾರಿಯೂ ಪೌರಕಾರ್ಮಿಕಳೂ ಬಸ್ಸಿಗಾಗಿ ಕಾಯುವ ಮುದುಕನೂ ಈ ಅಂತರವನ್ನು ಮೈಯಲ್ಲಿ ಅನುಭವಿಸುತ್ತಾರೆ. ಮನೆಯನ್ನು ಯಂತ್ರದಿಂದ ತಂಪುಮಾಡಿಕೊಳ್ಳಬಲ್ಲವನ ಬೀದಿಯಲ್ಲಿ ಮರವೂ ಇದೆ; ಶೀಟಿನ ಮಾಡಿನ ಕೆಳಗೆ ವಾಸಿಸುವವನ ಬೀದಿಯಲ್ಲಿ ಎರಡೂ ಇಲ್ಲ. ಇಡೀ ನಗರದ ಹಸಿರಿನ ಸರಾಸರಿಯನ್ನು ಹೇಳಿ ಸಮಾಧಾನಪಡುವವರು ಗಮನಿಸಬೇಕಾದುದು ಇದು. ಕಬ್ಬನ್ ಉದ್ಯಾನದ ಮರಗಳನ್ನು ಕಾಟನ್‌ಪೇಟೆಯ ಲೆಕ್ಕಕ್ಕೆ ಸೇರಿಸಿದ ಮಾತ್ರಕ್ಕೆ ಕಾಟನ್‌ಪೇಟೆಯಲ್ಲಿ ನೆರಳು ಬೀಳುವುದಿಲ್ಲ.

ಬಡವರಿಗೆ ಮರಗಳಲ್ಲಿ ಆಸಕ್ತಿಯಿಲ್ಲ, ಇದು ಉಳ್ಳವರ ಹವ್ಯಾಸ ಎಂಬ ಮಾತೂ ಕೇಳಿಬರುತ್ತದೆ. ಬೆಂಗಳೂರಿನ 44 ಕೊಳೆಗೇರಿಗಳ ಸಸ್ಯಗಳನ್ನು ಕುರಿತು ಗೋಪಾಲ್ ಮತ್ತು ನಾಗೇಂದ್ರ ಅವರು 2014 ರಲ್ಲಿ ಪ್ರಕಟಿಸಿದ ಲೇಖನ ಈ ಮಾತನ್ನು ಸುಳ್ಳಾಗಿಸುತ್ತದೆ. ಅಲ್ಲಿ ಸಸ್ಯಗಳು ವಿರಳವೇನೋ ಹೌದು. ಆದರೆ ಇರುವ ಅಲ್ಪಸ್ಥಳದಲ್ಲಿ ನುಗ್ಗೆ, ತೆಂಗು ಮೊದಲಾದ ಆಹಾರದ ಮರಗಳಿಗೂ, ಮದ್ದಿಗೆ ಒದಗುವ ಹಾಗೂ ಪೂಜೆಗೆ ಸಲ್ಲುವ ಗಿಡಮರಗಳಿಗೂ ಪ್ರಾಶಸ್ತ್ಯವಿದೆ, ಮರದ ನೆರಳು ಜನ ಕಲೆಯುವ ತಾಣವೂ ಆಗಿದೆ. ಕೊರತೆಯಿರುವುದು ನೆಲಕ್ಕೆ, ಆಸಕ್ತಿಗಲ್ಲ. ಹಕ್ಕುಪತ್ರವಿಲ್ಲದೆ ನಾಳೆ ಎತ್ತಂಗಡಿಯಾಗಬಹುದೆಂಬ ಭಯದಲ್ಲಿರುವವನು ಇಪ್ಪತ್ತು ವರ್ಷಗಳ ಬಳಿಕ ನೆರಳು ಕೊಡುವ ಮರವನ್ನು ನೆಡುವುದೆಂತು? ಬೇಗ ಕಾಯಿಬಿಡುವ ನುಗ್ಗೆಯನ್ನು ನೆಡುತ್ತಾನೆ. ಅವನು ಆರಿಸಿದ ಮರದಲ್ಲಿಯೇ ಅವನ ನೆಲದ ಹಕ್ಕಿನ ಚರಿತ್ರೆ ಅಡಗಿದೆ.

5

ಇಂಥ ವಿಚಾರದಲ್ಲಿ ಅಮೆರಿಕದ ಉದಾಹರಣೆಯನ್ನು ಕೊಡುವುದು ಈಚೆಗೆ ಬಳಕೆಗೆ ಬಂದಿದೆ. 1930 ರ ದಶಕದಲ್ಲಿ ಅಲ್ಲಿಯ ಸರ್ಕಾರದ ಗೃಹಸಾಲ ಸಂಸ್ಥೆಯು ನಗರಗಳ ನೆರೆಹೊರೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ ನಕ್ಷೆಗಳನ್ನು ತಯಾರಿಸಿತು. ಕಪ್ಪು ಜನರು ವಾಸಿಸುತ್ತಿದ್ದ ಪ್ರದೇಶಗಳಿಗೆ ಸಾಮಾನ್ಯವಾಗಿ ಕೊನೆಯ ದರ್ಜೆಯ ಕೆಂಪು ಬಣ್ಣ ಬಳಿಯಲಾಯಿತು. 37 ನಗರಗಳನ್ನು ಕುರಿತು 2021 ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ದರ್ಜೆಯ ಪ್ರದೇಶಗಳಲ್ಲಿ ಇಂದು ಮರಗಳ ಹಂದರ ಸುಮಾರು ಶೇಕಡಾ 43 ರಷ್ಟಿದ್ದರೆ, ಕೊನೆಯ ದರ್ಜೆಯವುಗಳಲ್ಲಿ ಸುಮಾರು ಶೇಕಡಾ 23 ರಷ್ಟೇ ಇದೆ. ಎಂಬತ್ತು ವರ್ಷಗಳು ಕಳೆದರೂ ಹಳೆಯ ಭೇದವು ಮರಗಳಲ್ಲಿ ಬದುಕಿದೆ.

ಈ ಹೋಲಿಕೆಯಿಂದ ಕಲಿಯತಕ್ಕದ್ದುಂಟು, ಎರವಲು ತರಬಾರದ್ದೂ ಉಂಟು. ಅಲ್ಲಿ ಭೇದವನ್ನು ಒಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದು. ಆ ನಕ್ಷೆಯು ಭೇದಕ್ಕೆ ಕಾರಣವೋ ಅಥವಾ ಮೊದಲೇ ಇದ್ದ ಭೇದದ ದಾಖಲೆಯೋ ಎಂದು ಅಲ್ಲಿಯ ವಿದ್ವಾಂಸರೇ ಚರ್ಚಿಸುತ್ತಿದ್ದಾರೆ. ಬೆಂಗಳೂರಿನಲ್ಲಿ ಅಂಥ ಒಂದು ನಕ್ಷೆಯಿಂದ ಎಲ್ಲವನ್ನೂ ವಿವರಿಸಲು ಬರುವುದಿಲ್ಲ. ಪೇಟೆ, ದಂಡು, ಪ್ಲೇಗಿನ ಕಾಲದ ಬಡಾವಣೆ, ಮಂಡಳಿಯ ಬಡಾವಣೆ, ರೆವಿನ್ಯೂ ನಿವೇಶನ ಎಂಬ ಪದರಗಳು ಒಂದರ ಮೇಲೊಂದು ಕೂಡಿ ಇಲ್ಲಿಯ ಭೇದವನ್ನು ನಿರ್ಮಿಸಿವೆ. ಇವನ್ನು ಬಿಡಿಸಿ ನೋಡುವುದು ನಮ್ಮದೇ ದಾಖಲೆಗಳಿಂದ ಆಗಬೇಕಾದ ಕೆಲಸ.

ಪರದೇಶದ ಮಾನದಂಡಗಳಿಗೂ ಈ ಮಾತು ಅನ್ವಯಿಸುತ್ತದೆ. ಪ್ರತಿ ಮನೆಯಿಂದ ಮೂರು ಮರಗಳು ಕಾಣಬೇಕು, ಪ್ರತಿ ನೆರೆಹೊರೆಯಲ್ಲಿ ಶೇಕಡಾ 30 ರಷ್ಟು ಹಂದರವಿರಬೇಕು, 300 ಮೀಟರುಗಳೊಳಗೆ ಉದ್ಯಾನವಿರಬೇಕು ಎಂಬ ನಿಯಮವನ್ನು ಕೋನೈನೆಂಡೈಕ್ ಎಂಬ ನಗರವನ ತಜ್ಞರು 2021 ರಲ್ಲಿ ಮುಂದಿಟ್ಟರು. ಊರಿನ ಸರಾಸರಿಯನ್ನು ಬಿಟ್ಟು ನೆರೆಹೊರೆಯನ್ನೇ ಅಳತೆಯ ಮಾನವಾಗಿ ಹಿಡಿದಿರುವುದು ಈ ನಿಯಮದ ಗುಣ. ಆದರೆ ಚಿಕ್ಕಪೇಟೆಯಲ್ಲಿ ಶೇಕಡಾ 30 ರಷ್ಟು ಹಂದರವನ್ನು ಸಾಧಿಸಹೊರಟರೆ ಮನೆಗಳನ್ನು ಕೆಡವಬೇಕಾದೀತು, ನೆರಳಿಲ್ಲದವರಿಗೆ ನೆರಳು ಕೊಡುವ ನೆಪದಲ್ಲಿ ಅವರನ್ನೇ ಹೊರಹಾಕಿದಂತಾದೀತು. ಓಣಿಯಲ್ಲಿ ಸ್ಥಳವಿಲ್ಲದಿದ್ದರೆ ಶಾಲೆಯ ಅಂಗಳ, ದೇವಾಲಯದ ಹಾಗೂ ಮಸೀದಿಯ ಆವರಣ, ಮಾರುಕಟ್ಟೆಯ ಅಂಚು, ಬಸ್ಸಿನ ತಂಗುದಾಣಗಳಲ್ಲಿ ಸ್ಥಳವನ್ನು ಹುಡುಕಬೇಕು.

6

ಇನ್ನು ನಮ್ಮ ಕಾನೂನನ್ನೂ ಚಳವಳಿಗಳನ್ನೂ ನೋಡೋಣ. 1976 ರ ಕರ್ಣಾಟಕ ಮರಗಳ ಸಂರಕ್ಷಣಾ ಅಧಿನಿಯಮವು ಅನುಮತಿಯಿಲ್ಲದೆ ಮರ ಕಡಿಯುವುದನ್ನು ನಿಷೇಧಿಸಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟಲು 812 ಮರಗಳು ಬಲಿಯಾಗುವುವೆಂದು ತಿಳಿದಾಗ, 2016 ರಲ್ಲಿ ನಾಗರಿಕರು ಕೈ ಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. 2017 ರಲ್ಲಿ ಸರ್ಕಾರವು ಯೋಜನೆಯನ್ನು ಕೈಬಿಟ್ಟಿತು. ಇವು ಅಭಿನಂದನಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವೆರಡರ ದೃಷ್ಟಿಯೂ ಇರುವ ಮರದ ಮೇಲಿದೆ. ಇರುವ ಮರಕ್ಕೆ ರಕ್ಷಕರುಂಟು, ಅದು ಬೀಳುವ ದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಎಂದೂ ನೆಡದಿದ್ದ ಮರಕ್ಕಾಗಿ ಯಾರೂ ಬೀದಿಗಿಳಿಯುವುದಿಲ್ಲ. ಇರುವುದನ್ನು ಮಾತ್ರ ಕಾಪಾಡಿದರೆ, ಇರುವ ಭೇದವನ್ನೂ ಅದರೊಡನೆ ಕಾಪಾಡಿದಂತೆಯೇ ಸರಿ.

ವಿಶೇಷವೆಂದರೆ ಆ ಅಧಿನಿಯಮದಲ್ಲಿಯೇ ಇದಕ್ಕೆ ಪರಿಹಾರದ ಬೀಜವಿದೆ. ಮರ ಪ್ರಾಧಿಕಾರದ ಕರ್ತವ್ಯಗಳಲ್ಲಿ ಮರಗಳ ಗಣತಿಯೂ, ಪ್ರತಿಯೊಂದು ಪ್ರದೇಶದಲ್ಲಿ ಎಷ್ಟು ಮತ್ತು ಯಾವ ಬಗೆಯ ಮರಗಳಿರಬೇಕೆಂಬ ಮಾನವನ್ನು ಗೊತ್ತುಪಡಿಸುವುದೂ ಸೇರಿವೆ. ಕಡಿಯುವುದನ್ನು ತಡೆಯುವ ವಿಧಿಯನ್ನು ಎಲ್ಲರೂ ಬಲ್ಲರು; ಹಂಚಿಕೆಗೆ ಆಧಾರವಾಗಬಲ್ಲ ಈ ವಿಧಿಯನ್ನು ಸ್ಮರಿಸುವವರು ಕಡಮೆ. 2025 ರಲ್ಲಿ ಬೆಂಗಳೂರಿನ ಆಡಳಿತವು ಐದು ನಗರಪಾಲಿಕೆಗಳಾಗಿ ವಿಭಾಗವಾಯಿತು. ಹೊಸ ಪಾಲಿಕೆಗಳು ಹಣಕಾಸನ್ನೂ ರಸ್ತೆಗಳನ್ನೂ ಹಂಚಿಕೊಂಡಂತೆ ಹಿಂದಿನವರ ಅಸಮವಾದ ನೆರಳನ್ನೂ ಬಳುವಳಿಯಾಗಿ ಪಡೆದಿವೆ. ಈ ವಿಧಿಯನ್ನು ನೆನಪಿಗೆ ತಂದುಕೊಳ್ಳಲು ಇದಕ್ಕಿಂತ ತಕ್ಕ ಕಾಲವಿಲ್ಲ.

7

ಕಡೆಯದಾಗಿ ನಮ್ಮ ಪ್ರಾಚೀನರ ಒಂದು ವಿಚಾರವನ್ನು ಜ್ಞಾಪಿಸಿಕೊಳ್ಳುವುದು ಉಚಿತ. ದಾರಿಯಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ನೆಡಿಸಿದುದು ಮನುಷ್ಯರ ಹಾಗೂ ಪಶುಗಳ ಉಪಯೋಗಕ್ಕಾಗಿ ಎಂದು ಅಶೋಕನು ತನ್ನ ಎರಡನೆಯ ಶಿಲಾಶಾಸನದಲ್ಲಿ ಹೇಳಿಸಿದ್ದಾನೆ. ಸಪ್ತಸಂತಾನಗಳಲ್ಲಿ ಕೆರೆ, ದೇವಾಲಯಗಳೊಡನೆ ವನವನ್ನೂ ಎಣಿಸುತ್ತಿದ್ದರು. ಮಾಗಡಿ ತಾಲ್ಲೂಕಿನಲ್ಲಿ ಹುಲಿಕಲ್ಲಿಗೂ ಕುದೂರಿಗೂ ನಡುವೆ ಆಲದ ಸಾಲನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರು ಕೂಲಿ ಮಾಡಿ ಬದುಕಿದವರು. ತಮ್ಮ ಮನೆಯಂಗಳದ ನೆರಳಿಗಾಗಿ ಅವರು ನೀರು ಹೊತ್ತವರಲ್ಲ, ದಾರಿಹೋಕರಿಗಾಗಿ ಹೊತ್ತರು. ಈ ಪರಂಪರೆಯಲ್ಲಿ ನೆರಳಿನ ಹಕ್ಕುದಾರನು ಹೆಸರು ತಿಳಿಯದ ದಾರಿಗನು. ನಿವೇಶನಕ್ಕೆ ಅಂಟಿಕೊಂಡು ಬಂದ ಉದ್ಯಾನನಗರಿಯ ನೆರಳಾದರೋ ಬಹುಮಟ್ಟಿಗೆ ನಿವೇಶನದಾರನ ಪಾಲಾಯಿತು. ಹಳೆಯ ಕಾಲದಲ್ಲಿ ಎಲ್ಲರೂ ಸಮಾನರಾಗಿದ್ದರೆಂದು ಇದರಿಂದ ತೀರ್ಮಾನಿಸಕೂಡದು. ಒಂದೇ ಮರದ ಕೆಳಗೆ ಎಲ್ಲರನ್ನೂ ಕುಳ್ಳಿರಗೊಡದ ಊರುಗಳು ನಮ್ಮಲ್ಲಿ ಹೇರಳವಾಗಿದ್ದುವು. ಆದರೂ ನೆರಳು ಸಾರ್ವಜನಿಕವಾದುದೆಂಬ ಆದರ್ಶವು ನಮಗೆ ಹೊಸತಲ್ಲ, ಪರಕೀಯವೂ ಅಲ್ಲ.

ನಮ್ಮ ಕಾಲೇಜುಗಳ ಚರಿತ್ರೆಯ ವಿಭಾಗಗಳು ಈ ದಿಕ್ಕಿನಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ಬಡಾವಣೆಗಳ ಮೂಲನಕ್ಷೆಗಳಲ್ಲಿ ರಸ್ತೆಯ ಅಗಲವೆಷ್ಟು, ಗಿಡಕ್ಕೆಂದು ಬಿಟ್ಟ ನೆಲವೆಷ್ಟು, ಅದು ಯಾವಾಗ ಏನಾಯಿತು ಎಂಬುದನ್ನು ಪುರಸಭೆಯ ದಾಖಲೆಗಳಿಂದಲೂ ಹಿರಿಯರ ನೆನಪುಗಳಿಂದಲೂ ಸಂಗ್ರಹಿಸಬಹುದು. ವಿದ್ಯಾರ್ಥಿಗಳಿಗೆ ಇದಕ್ಕೆ ದೂರದ ಪತ್ರಾಗಾರವೇ ಬೇಕಾಗಿಲ್ಲ, ತಮ್ಮ ಬೀದಿಯಿಂದಲೇ ಆರಂಭಿಸಬಹುದು. ನಾನು ಈಗ ಅದೇ ಅಭ್ಯಾಸವನ್ನು ಕೊಡುವಾಗ ಪ್ರಶ್ನೆಯನ್ನು ಬದಲಿಸಿದ್ದೇನೆ: ನಿಮ್ಮ ಬೀದಿಯಲ್ಲಿ ಮರವಿದ್ದರೆ ಏಕಿದೆ, ಇಲ್ಲದಿದ್ದರೆ ಏಕಿಲ್ಲ? ಬರಿಯ ಹಾಳೆಯನ್ನು ಹಿಡಿದು ಬಂದ ಆ ವಿದ್ಯಾರ್ಥಿನಿ ತನ್ನ ಅಜ್ಜಿಯನ್ನು ವಿಚಾರಿಸಿ, ತಮ್ಮ ಬೀದಿ ಇದ್ದೆಡೆಯಲ್ಲಿ ಹಿಂದೆ ಒಂದು ಹುಣಿಸೆಯ ತೋಪಿದ್ದಿತೆಂದು ನಾಲ್ಕು ಪುಟ ಬರೆದು ತಂದಳು. ಆ ವರ್ಷದ ತರಗತಿಯಲ್ಲಿ ಅದಕ್ಕಿಂತ ಉತ್ತಮವಾದ ಲೇಖನವನ್ನು ನಾನು ಓದಲಿಲ್ಲ.